ಹೆಸರು ಕೇಳದ ಪಂಕ್ತಿ

ಹೊಳೆಯ ಮರಳಿನ ಮೇಲೆ ಹರಿಗೋಲುಗಳು ಮಗುಚಿ ಬಿದ್ದಿದ್ದವು. ತಳ ಮೇಲಾಗಿ, ಕರಿಯ ಚರ್ಮ ಬಿಸಿಲಿಗೆ ಸೆಟೆದು, ಒಂದರ ಪಕ್ಕ ಒಂದು ಕುಳಿತಿದ್ದ ಅವನ್ನು ದೂರದಿಂದ ಕಂಡಾಗ, ಯಾವುದೋ ದೊಡ್ಡ ಅಡುಗೆ ಮುಗಿದ ಮೇಲೆ ತೊಳೆದು ಬೋರಲು ಹಾಕಿದ ಕೊಪ್ಪರಿಗೆಗಳೆಂದು ನಾನು ತಿಳಿದೆ. ಹತ್ತಿರ ಹೋದಾಗ ಸರ್ಕಾರದ ಜವಾನನೊಬ್ಬ ಕೊನೆಯ ಹರಿಗೋಲನ್ನು ಅಂಬಿಗನ ಕೈಯಿಂದಲೇ ಮಗುಚಿಸುತ್ತಿದ್ದ. ಅಂಬಿಗ ಅದನ್ನು ಮಗುಚಿ, ಎಮ್ಮೆಯ ಬೆನ್ನು ತಟ್ಟುವಂತೆ ಒಮ್ಮೆ ತಟ್ಟಿ, ಊರ ಕಡೆ ನಡೆದ. ನಾನು ಆ ಊರಿಗೆ ಬಂದ ದಿನವೇ ಹೊಳೆ ದಾಟುವ ಕಡವು ಮುಚ್ಚಿತು.

ಹೊಳೆಯ ಈಚೆ ಒಂದು ಸರ್ಕಾರ, ಆಚೆ ಇನ್ನೊಂದು. ನೀರು ಎರಡಕ್ಕೂ ಒಂದೇ ಆಗಿದ್ದಂತೆ ಮಾತೂ ಒಂದೇ, ಬೀಗತನವೂ ಬೆರೆತದ್ದೇ. ಆದರೆ ಆಚೆ ದಂಡೆಯಲ್ಲಿ ಆಳುವವರು ಬದಲಾಗಿದ್ದರು; ಬದಲಾದವರಿಗೆ ಕೆಲವರು ಬೇಡವಾಗಿದ್ದರು. ಬೇಡವಾದವರು ಮನೆಗೆ ಬೀಗ ಹಾಕಲೂ ನಿಲ್ಲದೆ ಹೊಳೆ ದಾಟಿ ಬರತೊಡಗಿದ್ದರು. ಮೊದಮೊದಲು ನಮ್ಮ ಕಡೆಯ ಸರ್ಕಾರ ಅವರನ್ನು ಕಂಡೂ ಕಾಣದಂತಿತ್ತು. ಆಮೇಲೆ ಅದಕ್ಕೆ ಬೇಸರ ಬಂತು. ಬೇಸರ ಬಂದ ಸರ್ಕಾರ ಹರಿಗೋಲುಗಳನ್ನು ಮಗುಚಿತು.

ನಾನಾಗ ಒಂದು ಊರಿನಲ್ಲಿ ನಿಲ್ಲಲಾರದ ಮನುಷ್ಯ. ಹೆಗಲ ಚೀಲದಲ್ಲಿ ಒಂದು ಜೊತೆ ಬಟ್ಟೆ, ಸಂತೆಯ ಮೂಲೆಗಳಲ್ಲಿ ಕೊಂಡ, ಹೊದಿಕೆ ಹರಿದ ನಾಲ್ಕಾರು ಕಾದಂಬರಿಗಳು. ಜಗತ್ತಿನ ನ್ಯಾಯ ಅನ್ಯಾಯಗಳ ಬಗ್ಗೆ ನನಗೆ ತಿಳಿದಿದ್ದುದೆಲ್ಲ ಅವುಗಳಿಂದಲೇ. ಹೊಳೆ ದಾಟಿ ಹೋಗಬೇಕೆಂದು ಬಂದವನು, ಕಡವು ಮುಚ್ಚಿದ್ದರಿಂದ ಊರೊಳಗೆ ತಿರುಗಿದೆ.

ದಂಡೆಯಿಂದ ಏರಿ ಬರುವ ದಾರಿಯಲ್ಲೇ ಒಂದು ಅನ್ನಛತ್ರವಿತ್ತು. ಮಣ್ಣಿನ ಗೋಡೆ, ತಗ್ಗಾದ ಬಾಗಿಲು, ಒಳಗೆ ಉದ್ದನೆಯ ಪಡಸಾಲೆ. ಅದನ್ನು ನಡೆಸುತ್ತಿದ್ದವಳು ನಿಂಬೆವ್ವ ಎಂಬ ಮುದುಕಿ. ಮೈ ಸಣ್ಣದು, ದನಿ ದೊಡ್ಡದು. ಬಾಗಿಲಲ್ಲಿ ನಿಂತ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಕಾಲು ತೊಳಕೊಂಡು ಬಾ. ಆ ಗೂಟದ ಕೆಳಗ ಜಾಗಾ ಐತಿ, ಕೂಡು" ಎಂದಳು.

"ಅಮ್ಮಾ, ನನ್ನ ಹೆಸರು..."

"ನಾ ಕೇಳಿದ್ನೇನು? ಉಣ್ಣು ಮೊದಲ."

ಉಂಡು ಕೈ ತೊಳೆದ ಮೇಲೆ ನಾನು ಮತ್ತೆ ಪರಿಚಯ ಹೇಳಿಕೊಳ್ಳಲು ಹೊರಟೆ. ಪಕ್ಕದಲ್ಲಿದ್ದ ಮುದುಕನೊಬ್ಬ ತೊಡೆ ಚಿವುಟಿ ತಡೆದ. "ಇಲ್ಲಿ ಯಾರೂ ಯಾರ ಹೆಸರೂ ಕೇಳಂಗಿಲ್ಲ, ತಮ್ಮಾ. ತಾನಾಗಿ ಹೇಳೂದೂ ಛಲೋ ಅಲ್ಲ. ಈಕಿ ಅತ್ತಿ ಕಾಲದಿಂದ ಹಿಂಗ ನಡದೈತಿ. ಉಣ್ಣೂಕಿಂತ ಮೊದಲ ಕೇಳಿದ್ರ ತೂಗಿ ನೋಡಿಧಂಗ, ಉಂಡ ಮ್ಯಾಲ ಕೇಳಿದ್ರ ವಸೂಲಿ ಮಾಡಿಧಂಗ."

ಹಾಗಾಗಿ ಆ ಪಂಕ್ತಿಯಲ್ಲಿ ಜನರನ್ನು ಅವರು ಕೂರುವ ಜಾಗದಿಂದ ಗುರುತಿಸುತ್ತಿದ್ದರು. ಮುದುಕ ಬಾಗಿಲಜ್ಜನಾಗಿದ್ದ. ಗೂಟಕ್ಕೆ ಚೀಲ ತೂಗುಹಾಕಿ ಅದರ ಕೆಳಗೆ ಕುಳಿತ ನಾನು ಆ ದಿನದಿಂದ ಗೂಟದವನಾದೆ. ನಡುಗಂಬಕ್ಕೆ ಒರಗಿ ಉಣ್ಣುತ್ತಿದ್ದ ಹೆಂಗಸು ಕಂಬದಕ್ಕ. ನಡುವಯಸ್ಸಿನವಳು, ಹಣೆ ಅಗಲ, ಮಾತು ಕಡಿಮೆ. ನಾನು ಬಂದ ಹೊತ್ತಿನಲ್ಲೇ ಆಕೆ ಒಲೆಯ ಮುಂದೆ ನಿಂಬೆವ್ವನ ಜೊತೆ ರೊಟ್ಟಿ ಬಡಿಯುತ್ತಿದ್ದಳು. ಉಪ್ಪಿನ ಗಡಿಗೆ ಎಲ್ಲಿದೆಯೆಂದು ನೋಡದೆಯೇ ಕೈ ಚಾಚುತ್ತಿದ್ದಳು, ಕೈ ಸರಿಯಾಗಿ ಗಡಿಗೆಗೇ ಹೋಗುತ್ತಿತ್ತು. ಒಂದು ಅಡುಗೆಮನೆಯಲ್ಲಿ ಬಹಳ ದಿನ ಇದ್ದವರ ಕೈ ಅದು. ಆಚೆಯವಳೆಂದು ಎಲ್ಲರಿಗೂ ತಿಳಿದಿತ್ತು, ಯಾರೂ ಹೇಳುತ್ತಿರಲಿಲ್ಲ.

ಕಡವು ತೆರೆಯುವುದೆಂದು ನಾನು ಕಾದೆ. ಅದು ತೆರೆಯಲಿಲ್ಲ. ಕಾಯುತ್ತ ಕಾಯುತ್ತ ಆ ಊರಿನಲ್ಲೇ ಉಳಿದೆ. ಜೋಳದ ಹೊಲಗಳು ಕೊಯ್ಲಾಗಿ, ಮತ್ತೆ ಬಿತ್ತನೆಯಾಗಿ, ಪೈರು ಮೊಣಕಾಲೆತ್ತರ ಬಂದಾಗ ಎರಡು ಸರ್ಕಾರಗಳೂ ಒಂದು ಒಪ್ಪಂದಕ್ಕೆ ಬಂದಿವೆಯೆಂಬ ಸುದ್ದಿ ಬಂತು. ಕಡವು ಮುಚ್ಚುವ ಮೊದಲು ಬಂದವರು ಅತಿಥಿಗಳು, ಅವರು ಇರಬಹುದು. ಮುಚ್ಚಿದ ಮೇಲೆ ಕತ್ತಲಲ್ಲಿ ಈಜಿ ಬಂದವರು ಅಪರಾಧಿಗಳು, ಅವರನ್ನು ಆಚೆಯವರಿಗೆ ಒಪ್ಪಿಸತಕ್ಕದ್ದು. ಯಾರು ಯಾವಾಗ ಬಂದರೆಂದು ತೀರ್ಮಾನಿಸಲು ಮೂವರ ಆಯೋಗ. ಈಚೆಯವರೊಬ್ಬರು, ಆಚೆಯವರೊಬ್ಬರು, ಎರಡಕ್ಕೂ ಸಂಬಂಧವಿಲ್ಲದ ದೂರದ ದೇಶದಿಂದ ಬಂದ ಅಧ್ಯಕ್ಷರೊಬ್ಬರು.

ದಂಡೆಯ ಮೇಲೆ ಡೇರೆ ಎದ್ದಿತು. ಮಗುಚಿದ ಹರಿಗೋಲುಗಳ ಸಾಲಿನ ಮೇಲೆ ವಿಚಾರಣೆಗೆ ಬಂದವರು ಕುಳಿತು ಕಾಯತೊಡಗಿದರು. ನನ್ನ ಗಂಟಲು ದೊಡ್ಡದು, ಓದಲೂ ಬರುತ್ತದೆ ಎಂಬ ಕಾರಣಕ್ಕೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೂಗಿ ಒಳಗೆ ಕಳಿಸುವ ಕೆಲಸ ನನಗೆ ಸಿಕ್ಕಿತು. ಹೆಸರು ಕೇಳದ ಮನೆಯಲ್ಲಿ ಉಂಡು, ಹೆಸರು ಕೂಗುವ ಕೆಲಸಕ್ಕೆ ಹೋಗುತ್ತಿದ್ದೆ.

ಆಯೋಗದ ನಿಯಮ ಸರಳವಾಗಿತ್ತು. ಊರಿನಲ್ಲಿ ಸ್ವಂತ ಮನೆಯಿರುವ ಗೃಹಸ್ಥರೊಬ್ಬರು ಪ್ರಮಾಣ ಮಾಡಿ, ಇಂಥ ಹೆಸರಿನವರು ಕಡವು ಮುಚ್ಚುವ ಮೊದಲೇ ಬಂದರೆಂದು ಹೇಳಬೇಕು. ಹೇಳಿದವರೇ ಜಾಮೀನು. ಜಾಮೀನುದಾರರ ಆಶ್ರಯ ಬಿಟ್ಟು ಹೋದ ಕ್ಷಣದಿಂದ ಅತಿಥಿ ಅಪರಾಧಿಯಾಗುತ್ತಾನೆ.

ಮೊದಲು ಬಂದದ್ದು ರಾಚಪ್ಪ ಸಾವಕಾರನ ಜನ. ಊರ ಹೊರಗೆ ಅವನ ಇಟ್ಟಿಗೆ ಭಟ್ಟಿಯಿತ್ತು. ಆಚೆಯಿಂದ ಬಂದವರಲ್ಲಿ ಮೈಗಟ್ಟಿ ಇದ್ದವರನ್ನು ಅವನು ದಂಡೆಯಲ್ಲೇ ಆರಿಸಿಕೊಂಡಿದ್ದ. ದಿನಾ ಮುಂಜಾನೆ ಅವನ ಮೇಸ್ತ್ರಿ ಭಟ್ಟಿಯ ದಿಬ್ಬದ ಮೇಲೆ ನಿಂತು ಹೆಸರು ಹಿಡಿದು ಹಾಜರಿ ಕೂಗುತ್ತಿದ್ದ. ಆ ಕೂಗಿಗೇ ಪಕ್ಕದ ಓಣಿ ಏಳುತ್ತಿತ್ತು. ಹಾಗಾಗಿ ಸಾಕ್ಷಿಗೆ ಏನೂ ಕೊರತೆಯಿರಲಿಲ್ಲ. ಓಣಿಯ ಹೆಂಗಸರೆಲ್ಲ, "ಹೌದ್ರಿ, ಆ ಹೆಸರು ಕಡವು ಮುಚ್ಚೂ ಮೊದಲಿಂದ ಕೇಳೇವಿ" ಎಂದರು. ಭಟ್ಟಿಯ ಆಳುಗಳು ಒಬ್ಬೊಬ್ಬರಾಗಿ ಒಳಗೆ ಹೋಗಿ ಎಲೆಯಡಿಕೆ ಮಡಿಸುವಷ್ಟರಲ್ಲಿ ಹೊರಗೆ ಬರುತ್ತಿದ್ದರು. ಅವರ ಅಂಗೈಗಳು ಸುಟ್ಟು ಬಿರಿದಿದ್ದವು. ಒಬ್ಬನಿಗೆ ಒಂದು ಕಣ್ಣು ಮಂಜಾಗಿತ್ತು. ಅವರೆಲ್ಲ ಅತಿಥಿಗಳಾದರು.

"ಸಾವಕಾರ್ರು ಧರ್ಮವಂತರು" ಎಂದು ನಮ್ಮ ಕಡೆಯ ಸದಸ್ಯರು ಎಲೆಯಡಿಕೆ ಜಗಿಯುತ್ತ ಹೊಗಳಿದರು.

"ಎಲ್ಲಾ ಆ ಭಗವಂತ ಮಾಡಸ್ತಾನ್ರಿ. ನಾವು ನೆಪ ಅಷ್ಟ" ಎಂದು ರಾಚಪ್ಪ ಕೈಮುಗಿದ.

ಮರುದಿನ ನನ್ನ ಕೈಗೆ ಬಂದ ಚೀಟಿಯಲ್ಲಿ 'ದುಂಡವ್ವ, ಗಂಡ ಬಾಳಪ್ಪ ಮಾಸ್ತರ' ಎಂದಿತ್ತು. ಕೂಗಿದೆ. ಹರಿಗೋಲಿನ ಮೇಲಿಂದ ಎದ್ದವಳು ನಮ್ಮ ಕಂಬದಕ್ಕ. ಅವಳ ಪಕ್ಕದಲ್ಲಿ ಸಾಕ್ಷಿ ಹೇಳಲು ಬಂದು ಕುಳಿತಿದ್ದ ನಿಂಬೆವ್ವ ತಲೆಯೆತ್ತಿ ಅವಳನ್ನು ನೋಡಿದಳು. ಆ ನೋಟ ನನಗೆ ಇನ್ನೂ ನೆನಪಿದೆ. ಬಹಳ ದಿನ ಜೊತೆಗಿದ್ದವರನ್ನು ಯಾರೋ ಹೊಸದಾಗಿ ಪರಿಚಯ ಮಾಡಿಕೊಟ್ಟಂತಿತ್ತು.

ದುಂಡವ್ವನ ಗಂಡ ಆಚೆಯ ಊರಿನ ಶಾಲೆಯಲ್ಲಿ ಮಾಸ್ತರನಾಗಿದ್ದ. ಹೊಸ ಸರ್ಕಾರದ ಘೋಷಣೆಯನ್ನು ಮಕ್ಕಳಿಂದ ಹೇಳಿಸಲು ಒಪ್ಪದೆ ಸೆರೆಮನೆ ಸೇರಿದ್ದ. ಅವನು ಎಲ್ಲಿದ್ದಾನೆಂದು ಕೇಳಲು ಹೋದ ಇವಳನ್ನೂ ಹಿಡಿಯಲು ಬಂದಾಗ, ಹಿತ್ತಿಲಿನಿಂದ ಓಡಿ ಹೊಳೆ ದಾಟಿದ್ದಳು. ಹಿಂದಕ್ಕೆ ಕಳಿಸಿದರೆ ಏನಾಗುವುದೆಂದು ಡೇರೆಯೊಳಗಿದ್ದ ಮೂವರಿಗೂ ಗೊತ್ತಿತ್ತು.

ಅಧ್ಯಕ್ಷರು ನಮ್ಮ ಮಾತನ್ನು ಪುಸ್ತಕದಿಂದ ಕಲಿತವರು. "ತಾಯಿ, ತಾವು ಈ ಸ್ತ್ರೀಯನ್ನು ಬಲ್ಲಿರಾ?" ಎಂದು ಕೇಳಿದರು.

"ಬಲ್ಲೆನಲ್ರಿ. ನಮ್ಮ ಕಂಬದಕ್ಕ."

"ಹೆಸರೇನು?"

"ಈಗ ಈ ಗೂಟದವ ಕೂಗಿದ್ನಲ್ರಿ, ದುಂಡವ್ವ ಅಂತ."

"ಅದಕ್ಕೂ ಮುನ್ನ ತಾವು ಆ ಹೆಸರನ್ನು ಕೇಳಿರಲಿಲ್ಲವೆ?"

"ಇಲ್ರಿ. ನಾ ಕೇಳಿಲ್ಲ, ಆಕಿ ಹೇಳಿಲ್ಲ."

ನಮ್ಮ ಕಡೆಯ ಸದಸ್ಯರು ಬಾಯಿಯಲ್ಲಿದ್ದ ಎಲೆಯಡಿಕೆಯನ್ನು ದವಡೆಗೆ ಒತ್ತಿಕೊಂಡು, "ಏನಬೇ, ಇಷ್ಟು ದಿನಾ ಅನ್ನಾ ಹಾಕಿ ಹೆಸರು ಗೊತ್ತಿಲ್ಲಂದ್ರ ಯಾರು ನಂಬಬೇಕು?" ಎಂದರು.

"ಅನ್ನಾ ಹಾಕಾಕ ಹೆಸರು ಯಾಕ ಬೇಕ್ರಿ? ಬಾಯಿ ಇದ್ರ ಸಾಕು."

ಜವಾನರು ನಕ್ಕರು. ಅಧ್ಯಕ್ಷರೂ ಸ್ವಲ್ಪ ನಕ್ಕರು. ನಗದಿದ್ದವರು ಆಚೆಯ ಸದಸ್ಯರು. ತೆಳ್ಳನೆಯ, ಕನ್ನಡಕದ, ಬಹಳ ಮರ್ಯಾದೆಯ ಮನುಷ್ಯ. ಅವರು ಕನ್ನಡಕ ಒರೆಸುತ್ತ ಕೇಳಿದರು: "ಯಾವಾಗ ಬಂದ್ರು ಇವರು?"

"ಕಡವು ಮುಚ್ಚೂ ಮೊದಲ. ಅವತ್ತು ಹೊಸ ಜೋಳದ ಹಿಟ್ಟು ಮೊದಲ ಸಲ ನಾದಿದ್ದೆ. ಬಿಸಿ ರೊಟ್ಟಿ ಕೈಯಾಗ ಹಿಡಕೊಂಡು ಈಕಿ ಅತ್ತಳು. ಉಣ್ಣಲೇ ಇಲ್ಲ ಭಾಳ ಹೊತ್ತು."

"ಅವತ್ತು ಅತ್ತಾಕಿ ಈಕಿನ ಅಂತ ಹೆಂಗ ಹೇಳ್ತೀರಿ, ಅಮ್ಮಾ? ಕಂಬದ ಕೆಳಗ ಒಬ್ಬಾಕಿ ಎದ್ದು ಹೋಗಿ ಇನ್ನೊಬ್ಬಾಕಿ ಬಂದು ಕುಂತಿರಬಹುದು. ಜಾಗಾ ಹಿಡದು ಕರದ್ರ ಇಬ್ಬರೂ ಕಂಬದಕ್ಕನ ಅಲ್ಲೇನು?"

"ಮುಖ ಮರೀತೀನೇನ್ರಿ ನಾ?"

"ಮರಿಯಂಗಿಲ್ಲ. ನಿಮ್ಮ ಮ್ಯಾಲ ನನಗ ನಂಬಿಗಿ ಐತಿ." ಅವರು ಕನ್ನಡಕ ಹಾಕಿಕೊಂಡರು. "ಹಂಗಾದ್ರ ಹೇಳ್ರಿ. ಈಗ ನಿಮ್ಮ ಪಂಕ್ತ್ಯಾಗ ಉಣ್ಣೂ ಮಂದಿ ಒಳಗ ಮತ್ತ ಯಾರ್ಯಾರ ಮುಖ ನೆನಪೈತಿ? ಯಾರು ಯಾವಾಗ ಬಂದ್ರು?"

ನಿಂಬೆವ್ವ ಸೆರಗಿನ ತುದಿಯನ್ನು ಮಡಿಸತೊಡಗಿದಳು. ಡೇರೆಯ ಬಟ್ಟೆ ಗಾಳಿಗೆ ಬಡಿದುಕೊಳ್ಳುತ್ತಿತ್ತು. ಕೊನೆಗೆ, "ಭಾಳ ಮಂದಿ ಬರ್ತಾರ್ರಿ. ವಯಸ್ಸಾತು ನನಗ. ಎಲ್ಲಾ ನೆನಪಿರಂಗಿಲ್ಲ" ಎಂದಳು.

ಅಷ್ಟರಿಂದ ಅವಳ ಸಾಕ್ಷಿ ಮುರಿದುಬಿತ್ತು. ಒಬ್ಬಳ ಮುಖ ಮಾತ್ರ ನೆನಪಿದ್ದು ಉಳಿದವರದೆಲ್ಲ ಮರೆತುಹೋಗುವುದು ಹೇಗೆಂದು ಕೇಳಿದರೆ ಉತ್ತರವಿರಲಿಲ್ಲ. ನಾನು ತಡೆಯಲಾರದೆ ಮುಂದೆ ಬಂದೆ. "ಸ್ವಾಮಿ, ನಾನು ಕಂಡಿದ್ದೇನೆ. ಕಡವು ಮುಚ್ಚಿದ ದಿನ ನಾನು ಬಂದಾಗ ಈಕೆ ಅಲ್ಲಿ ರೊಟ್ಟಿ ಬಡಿಯುತ್ತಿದ್ದಳು" ಎಂದೆ.

"ತಮ್ಮ ಮನೆ ಎಲ್ಲಿದೆ?" ಎಂದರು ಅಧ್ಯಕ್ಷರು.

"ನನಗೆ ಮನೆಯಿಲ್ಲ."

"ಹಾಗಾದರೆ ತಾವು ಕೂಗಬಹುದು. ಹೇಳಲು ಬರುವುದಿಲ್ಲ." ಅದನ್ನು ಅವರು ಕುಹಕದಿಂದ ಹೇಳಲಿಲ್ಲ. ನಿಯಮವನ್ನು ಓದುವ ದನಿಯಲ್ಲೇ ಹೇಳಿದರು. ಅದೇ ನನ್ನನ್ನು ಹೆಚ್ಚು ಉರಿಸಿತು.

ಬೇರೆ ಗೃಹಸ್ಥರ ಸಾಕ್ಷಿ ತರಲು ಮುಂದಿನ ಸಂತೆಯ ಮರುದಿನದವರೆಗೆ ಸಮಯ ಕೊಟ್ಟರು. ಛತ್ರಕ್ಕೆ ಮರಳಿದ ಮೇಲೆ ನಾನು ನಿಂಬೆವ್ವನ ಮೇಲೆ ರೇಗಿದೆ. "ಒಂದು ಮಾತು ಅಮ್ಮಾ. ಹೆಸರು ಮೊದಲಿಂದ ಗೊತ್ತಿತ್ತು ಅಂದಿದ್ದರೆ ಮುಗಿಯುತ್ತಿತ್ತು. ಎಲ್ಲರ ಮುಖವೂ ನಿನಗೆ ನೆನಪಿದೆ. ನಾನು ಬಂದ ದಿನ ಯಾವ ಅಂಗಿ ಹಾಕಿದ್ದೆ ಎಂದು ಮೊನ್ನೆ ಹೇಳಿದವಳು ನೀನು."

ಅವಳು ಹಿಟ್ಟು ನಾದುತ್ತಲೇ ಇದ್ದಳು. "ಬಾಗಲಜ್ಜ ಎಂದು ಬಂದಾನ, ಹೇಳು."

ನಾನು ಪಂಕ್ತಿಯನ್ನು ಮನಸ್ಸಿನಲ್ಲೇ ಎಣಿಸಿದೆ. ಮುದುಕ ಕಡವು ಮುಚ್ಚುವ ಮೊದಲೇ ಇದ್ದ. ಆದರೆ ಹಿತ್ತಿಲ ಕಡೆ ಕೂರುವ ಇಬ್ಬರು ಅಣ್ಣತಮ್ಮಂದಿರು ಕಡವು ಮುಚ್ಚಿದ ಮೇಲೆ, ಒದ್ದೆ ಬಟ್ಟೆಯಲ್ಲಿ ಬಂದವರು. ಗೋಡೆಯ ಪಕ್ಕದ ಬಸುರಿಯೂ ಹಾಗೆಯೇ.

"ಒಬ್ಬರದು ಗೊತ್ತೈತಿ ಅಂದ್ರ ಎಲ್ಲಾರದೂ ಹೇಳಬೇಕಾಕ್ಕೈತಿ. ಆಣಿ ಮಾಡಿ ನಿಂತಾಕಿ ನಾ" ಎಂದಳು ನಿಂಬೆವ್ವ. "ಆ ಕನ್ನಡಕದವ ಶ್ಯಾಣ್ಯಾ. ಮೊದಲ ಒಂದು ಎಳಿ ಹಿಡೀತಾನ, ಆಮ್ಯಾಲ ಸೀರಿ ಪೂರಾ ಎಳೀತಾನ. ಅತ್ತಿ ನನಗ ಹೇಳಿಕೊಟ್ಟಾಗ ಮರ್ಯಾದಿ ಅಂತ ಕಲತೆ ನಾ. ಈ ವರ್ಷ ತಿಳೀತು, ಕೇಳದ ಇರೂದು ಯಾಕ ಅಂತ."

ಕಂಬದ ಕಡೆಯಿಂದ ದುಂಡವ್ವ ಹೇಳಿದಳು: "ಅವ್ವಾ ಹೇಳಿದ್ದ ಖರೆ. ನನ್ನ ಸಲುವಾಗಿ ಆ ಬಸುರಿ ಹುಡುಗಿನ್ನ ನೀರಿಗೆ ನೂಕಬ್ಯಾಡ್ರಿ." ಆ ಮನೆಯಲ್ಲಿ ನಾನು ಅವಳಿಂದ ಕೇಳಿದ ಅತಿ ಉದ್ದದ ಮಾತು ಅದು.

ನಾನು ಓದಿದ್ದ ಕಾದಂಬರಿಗಳಲ್ಲಿ ಇಂಥ ಸಂದರ್ಭದಲ್ಲಿ ಯಾರಾದರೂ ಒಂದು ಮಾತು ಆಡುತ್ತಿದ್ದರು, ನ್ಯಾಯಾಧೀಶ ಕರಗುತ್ತಿದ್ದ. ಆ ಮಾತನ್ನು ನಾನೇ ಆಡುವುದೆಂದು ಸಂಜೆ ದಂಡೆಗೆ ಹೋದೆ. ಅಧ್ಯಕ್ಷರು ಮಗುಚಿದ ಹರಿಗೋಲೊಂದರ ಮೇಲೆ, ಪಾದರಕ್ಷೆ ಕಳಚಿ, ಕಾಲು ಮರಳಿನಲ್ಲಿ ಹುದುಗಿಸಿ ಕುಳಿತಿದ್ದರು. ಆಚೆ ದಂಡೆಯಲ್ಲಿ ಯಾರದೋ ದನಗಳು ನೀರು ಕುಡಿಯುತ್ತಿದ್ದವು.

ನಾನು ಬಹಳ ಹೊತ್ತು ಮಾತಾಡಿದೆ. ಬೆಂಕಿಯ ಮುಂದೆ ದುಡಿಸಿಕೊಂಡವನ ಮಾತು ನಿಲ್ಲುತ್ತದೆ, ಉಣಿಸಿದವಳ ಮಾತು ಬೀಳುತ್ತದೆ, ಇದೆಂಥ ಒಪ್ಪಂದ ಎಂದು ಕೇಳಿದೆ. ಅವರು ಅಡ್ಡ ಬಾರದೆ ಕೇಳಿದರು. ಆಮೇಲೆ ಹೇಳಿದರು:

"ಆ ವೃದ್ಧೆ ಸುಳ್ಳು ಹೇಳಲಿಲ್ಲವೆಂದು ನಾನು ಬಲ್ಲೆ. ನನ್ನ ಎಡಬಲದಲ್ಲಿರುವವರೂ ಬಲ್ಲರು."

"ಹಾಗಾದರೆ?"

"ಹಾಗಾದರೆ ಏನೂ ಇಲ್ಲ. ಮೂವರೂ ಸಹಿ ಹಾಕಬೇಕು. ಹೆಸರಿಲ್ಲದ ಸಾಕ್ಷಿಯನ್ನು ಒಮ್ಮೆ ಒಪ್ಪಿದರೆ ಆಚೆಯವರು ಎದ್ದು ಹೋಗುತ್ತಾರೆ. ಎದ್ದು ಹೋದರೆ ಒಪ್ಪಂದವಿಲ್ಲ. ಒಪ್ಪಂದವಿಲ್ಲದಿದ್ದರೆ ಈಗಾಗಲೇ ಉಳಿದವರೂ ಉಳಿಯುವುದಿಲ್ಲ." ಅವರು ಕಾಲ್ಬೆರಳುಗಳನ್ನು ಮರಳಿನಿಂದ ಹೊರತೆಗೆದು ನೋಡಿದರು. "ಇಂಥ ದಂಡೆಗಳಲ್ಲಿ ನಾನು ಹಿಂದೆಯೂ ಕುಳಿತಿದ್ದೇನೆ. ಆಳಿನ ಲೆಕ್ಕ ಇಡುತ್ತಾರೆ. ಅತಿಥಿಯ ಲೆಕ್ಕ ಯಾರು ಇಡುತ್ತಾರೆ?"

"ನಿಮಗೆ ಸಿಟ್ಟು ಬರುವುದಿಲ್ಲವೆ?"

"ಬರುತ್ತಿತ್ತು" ಎಂದರು. ಆಮೇಲೆ ಹೊಳೆಯನ್ನೇ ನೋಡುತ್ತ, "ಯಾರಾದರೂ ಗೃಹಸ್ಥರು ಬಂದು ಆಕೆಯ ಹೆಸರನ್ನೂ ಸಮಯವನ್ನೂ ಸ್ಪಷ್ಟವಾಗಿ ಹೇಳಿದರೆ, ನಾನು ಹೆಚ್ಚಿನ ಪ್ರಶ್ನೆ ಕೇಳಲಾರೆ" ಎಂದರು.

"ಸುಳ್ಳು ಹೇಳಿದರೂ?"

"ನಾನು ಹಾಗೆ ಹೇಳಲಿಲ್ಲ." ಅವರು ಎದ್ದು, ಮರಳು ಕೊಡವಿ, ಪಾದರಕ್ಷೆಯನ್ನು ಕೈಯಲ್ಲೇ ಹಿಡಿದು ಡೇರೆಯ ಕಡೆ ನಡೆದರು.

ಮನೆಯಿದ್ದ ಹಲವರ ಬಾಗಿಲು ತಟ್ಟಿದೆ. ಎಲ್ಲರಿಗೂ ಅಯ್ಯೋ ಅನ್ನಿಸಿತು, ಯಾರಿಗೂ ಜಾಮೀನು ಬೇಕಿರಲಿಲ್ಲ. ಉಳಿದವನು ಒಬ್ಬನೇ. ಸಂತೆಯ ದಿನ ಮಧ್ಯಾಹ್ನ ಭಟ್ಟಿಗೆ ಹೋದೆ. ರಾಚಪ್ಪ ಚಪ್ಪರದ ನೆರಳಿನಲ್ಲಿ ಹೊರಸಿನ ಮೇಲೆ ಕುಳಿತು ಕಲ್ಲಂಗಡಿ ತಿನ್ನುತ್ತಿದ್ದ. ನನಗೂ ಒಂದು ಹೋಳು ಕೊಟ್ಟ. ವಿಷಯ ಕೇಳಿ ಬೀಜ ಉಗುಳಿದ.

"ನಿಂಬೆವ್ವಗ ನಾ ಎಷ್ಟ ಸಲ ಹೇಳೀನಿ, ಹಿಂಗ ಕುರುಡು ಧರ್ಮ ಮಾಡಬ್ಯಾಡ ಅಂತ. ನೋಡ್ರಿ ಈಗ. ಒಬ್ಬಾಕಿ ಹೆಚ್ಚಾದ್ರ ನನಗೇನು ಭಾರ? ಆಳುಗಳಿಗೆ ಅಡಿಗಿ ಮಾಡೂ ಒಳಗಿನಾಕಿ, ಅದಕ್ಕ ಹಾಜರ್ಯಾಗ ಹೆಸರು ಕೂಗತಿದ್ದಿಲ್ಲ ಅಂತೀನಿ. ಮೇಸ್ತ್ರಿನೂ ಹೂಂ ಅಂತಾನ."

"ಆಮೇಲೆ?"

"ಆಮ್ಯಾಲೇನು, ಜಾಮೀನು ನಾ ಆದ ಮ್ಯಾಲ ಇಲ್ಲೇ ಇರಬೇಕಲ್ರಿ. ಇರೂ ಮಂದಿ ದುಡೀಬೇಕು. ಧರ್ಮಶಾಲಿ ಅಲ್ಲ ಇದು." ನಕ್ಕ. ನಗುವಿನಲ್ಲಿ ಕೆಡುಕೇನೂ ಇರಲಿಲ್ಲ. ಅವನು ತನ್ನನ್ನು ಒಳ್ಳೆಯವನೆಂದೇ ನಂಬಿದ್ದ. ಆ ಊರೂ ನಂಬಿತ್ತು. ಈಗ ಎರಡು ಸರ್ಕಾರಗಳೂ ನಂಬಿದ್ದವು. ಕಲ್ಲಂಗಡಿ ಸಿಹಿಯಾಗಿತ್ತೆಂಬುದು ನೆನಪಾದರೆ ಇವತ್ತಿಗೂ ನನ್ನ ಬಾಯಿ ಕಹಿಯಾಗುತ್ತದೆ.

ದುಂಡವ್ವನಿಗೆ ಹೇಳಿದೆ. ಹೇಳುವಾಗ ಅವಳ ಮುಖ ನೋಡಲಿಲ್ಲ. ಅವಳು ಯೋಚಿಸಲು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. "ಆಚೆ ಹೋದ್ರ ಜೇಲಿನ ಕ್ವಾಣಿ, ಇಲ್ಲಿ ಭಟ್ಟಿ. ಭಟ್ಟಿಗೆ ಮ್ಯಾಲ ಮುಚ್ಚಳ ಇಲ್ಲಲ್ಲ, ಅಷ್ಟ ಛಲೋ" ಎಂದಳು. ಆಮೇಲೆ, "ಅವರನ್ನ ಬಿಟ್ರ ಎಲ್ಲಿ ಹುಡುಕಬೇಕು ನನ್ನ? ಈ ದಂಡಿ ಮ್ಯಾಲ ಇದ್ರ ಕಾಣತೀನಿ" ಎಂದಳು. ಗಂಡನ ಬಗ್ಗೆ ಹೇಳಿದ್ದೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ನಿಂಬೆವ್ವ ಒಲೆಗೆ ಒಂದು ಕಟ್ಟಿಗೆ ದೂಡಿದಳು. ಬೇಡವೆನ್ನಲಿಲ್ಲ.

ಸಂತೆಯ ಮರುದಿನ ನಾನು ಮತ್ತೆ ಆ ಹೆಸರು ಕೂಗಿದೆ. ರಾಚಪ್ಪ ಬಿಳಿ ರುಮಾಲು ಸುತ್ತಿ ಬಂದಿದ್ದ. ಪ್ರಮಾಣ ಮಾಡಿ, ಹೆಸರು ಹೇಳಿ, ಸಮಯ ಹೇಳಿ, ತನ್ನ ಅಡುಗೆಯ ಆಳೆಂದ. ಮೇಸ್ತ್ರಿ ಹೂಂ ಅಂದ. ಇಡೀ ಮಾತಿನಲ್ಲಿ ಹೆಸರು, ಸಮಯ ಎರಡೇ ನಿಜವಾಗಿದ್ದವು. ಅಧ್ಯಕ್ಷರು ತಲೆಯೆತ್ತದೆ ಬರೆದುಕೊಳ್ಳುತ್ತಿದ್ದರು. ಆಗ ಆಚೆಯ ಸದಸ್ಯರು ಕೈಯೆತ್ತಿದರು.

"ಒಂದು ಸಣ್ಣ ಮಾತು. ಈಕಿ ಛತ್ರದಾಗ ಇದ್ಲು ಅಂತ ಮೊನ್ನೆ ಒಬ್ಬರು ಅಮ್ಮ ಹೇಳಿದ್ರಲ್ಲ? ಇಲ್ಲೇ ಅದಾರ. ಕರೀರಿ ಅವರನ್ನ."

ನಿಂಬೆವ್ವ ಡೇರೆಯ ಬಾಗಿಲಲ್ಲೇ ನಿಂತಿದ್ದಳು. ಕಂಕುಳಲ್ಲಿ ಒಂದು ಬುತ್ತಿಯ ಗಂಟಿತ್ತು. ಅವಳು ಬರಬಾರದಿತ್ತೆಂದು ನನಗೆ ಆಗ ಹೊಳೆಯಿತು. ಬುತ್ತಿ ಕಟ್ಟಿಕೊಡದೆ ಯಾರನ್ನೂ ಕಳಿಸಿದವಳಲ್ಲ ಎಂಬುದೂ ಹೊಳೆಯಿತು. ಅವಳು ಒಳಗೆ ಬಂದಳು. ರಾಚಪ್ಪ ರುಮಾಲಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡ. ಅವಳು ನಿಜ ಹೇಳಿದರೆ ಅವನ ಪ್ರಮಾಣ ಸುಳ್ಳಾಗುತ್ತಿತ್ತು, ದುಂಡವ್ವ ಸಂಜೆಯೊಳಗೆ ಹೊಳೆಯ ಆಚೆ ಇರುತ್ತಿದ್ದಳು.

"ಅಮ್ಮಾ, ಇವರು ನಿಮ್ಮ ಕಂಬದಕ್ಕನ ಹೌದಲ್ರಿ?"

ನಿಂಬೆವ್ವ ದುಂಡವ್ವನ ಮುಂದೆ ನಿಂತು ಅವಳ ಮುಖವನ್ನು ನೋಡಿದಳು. ಸಂತೆಯಲ್ಲಿ ಅಪರಿಚಿತರನ್ನು ನೋಡುವ ಹಾಗೆ, ಹಣೆಯಿಂದ ಗಲ್ಲದವರೆಗೆ. ದುಂಡವ್ವ ಕಣ್ಣು ಕೆಳಗೆ ಹಾಕಲಿಲ್ಲ.

"ಅಲ್ರಿ" ಎಂದಳು ನಿಂಬೆವ್ವ. "ಮೊನ್ನೆ ನಾ ತಪ್ಪಿ ಹೇಳಿದೆ. ನೀವ ಅಂದ್ರಲ್ರಿ, ಕಂಬದ ಕೆಳಗ ಒಬ್ಬಾಕಿ ಎದ್ದ ಮ್ಯಾಲ ಇನ್ನೊಬ್ಬಾಕಿ ಕೂಡ್ತಾಳ ಅಂತ. ನಾ ಅನ್ನಾ ಹಾಕಿದಾಕಿ ಬ್ಯಾರೆ ಯಾರೋ. ಈಕಿನ್ನ ನಾ ಬಲ್ಲೆ ಅಂತ ಹೇಳಾಕ ಆಗೂದಿಲ್ಲ."

ಆಚೆಯ ಸದಸ್ಯರು ಸ್ವಲ್ಪ ಹೊತ್ತು ಅವಳನ್ನೇ ನೋಡಿ, "ಆತು" ಎಂದರು. "ಜಾಮೀನು ಐತಲ್ಲ. ಎಲ್ಲಿರ್ತಾರ ಅಂತ ಗೊತ್ತಿದ್ರ ಸಾಕು ನಮಗ." ಮೂವರೂ ಸಹಿ ಹಾಕಿದರು. ಮೊದಲ ದಿನ ಸತ್ಯಕ್ಕೆ ಅಷ್ಟೊಂದು ಪ್ರಶ್ನೆ ಕೇಳಿದ ಆ ಡೇರೆ, ಈ ದಿನ ಎರಡು ಸುಳ್ಳುಗಳನ್ನು ಒಂದೇ ಗುಟುಕಿಗೆ ನುಂಗಿತು. ಎರಡೂ ದಿನ ಕಾಪಾಡಬೇಕಾದ ಹೆಂಗಸು ಒಬ್ಬಳೇ, ಅವಳು ಬಂದ ಹೊತ್ತೂ ಒಂದೇ.

ಹೊರಗೆ ಬಂದ ಮೇಲೆ ನಿಂಬೆವ್ವ ಬುತ್ತಿಯನ್ನು ನನ್ನ ಕೈಗೆ ತುರುಕಿದಳು. "ನೀ ಕೊಡು. ನಾ ಕೊಟ್ರ ನೋಡ್ತಾರ" ಎಂದು, ಹಿಂದೆ ತಿರುಗದೆ ಹೋದಳು. ನಾನು ಕೊಟ್ಟೆ. ದುಂಡವ್ವ ಅದನ್ನು ಸೆರಗಿನೊಳಗೆ ಸೇರಿಸಿಕೊಂಡು ಮೇಸ್ತ್ರಿಯ ಹಿಂದೆ ನಡೆದಳು.

ಆಯೋಗ ಹೊರಡುವ ಮೊದಲು ಒಂದು ಸಣ್ಣ ಸಭೆ ಮಾಡಿ, ನಿರಾಶ್ರಿತರಿಗೆ ನೆರಳಾದವನೆಂದು ರಾಚಪ್ಪನಿಗೆ ಶಾಲು ಹೊದಿಸಿತು. ನಾನು ಅವನ ಹೆಸರನ್ನೂ ಕೂಗಿದೆ. ಅದೇ ನಾನು ಅಲ್ಲಿ ಕೂಗಿದ ಕೊನೆಯ ಹೆಸರು. ಅಧ್ಯಕ್ಷರು ಹೋಗುವಾಗ ನನ್ನ ಭುಜ ಮುಟ್ಟಿ ಏನೋ ಹೇಳಬೇಕೆಂದಿದ್ದರು. ಪುಸ್ತಕದ ಮಾತಿನಲ್ಲಿ ಅದು ಸಿಕ್ಕಲಿಲ್ಲವೆಂದು ಕಾಣುತ್ತದೆ, ಹಾಗೆಯೇ ಹೋದರು. ಆ ಮೇಲೆ ನಾನು ಎಷ್ಟೋ ಊರು ತಿರುಗಿದೆ, ಎಷ್ಟೋ ಬಗೆಯ ಸರ್ಕಾರಗಳನ್ನು ಕಂಡೆ. ಆ ಡೇರೆಯಲ್ಲಿ ಯಾರು ಕೆಟ್ಟವರಾಗಿದ್ದರೆಂದು ಯೋಚಿಸುತ್ತಲೇ ಇದ್ದೇನೆ. ಒಬ್ಬರಾದರೂ ಕೆಟ್ಟವರಾಗಿದ್ದರೆ ಅವರನ್ನು ಬೈದು ಮಲಗಬಹುದಿತ್ತು.

ಊರು ಬಿಟ್ಟ ದಿನ ನನ್ನ ದಾರಿ ಭಟ್ಟಿಯ ಪಕ್ಕದಲ್ಲೇ ಹೋಗುತ್ತಿತ್ತು. ಮೋಡ ಕವಿದು, ಗಾಳಿ ಎದ್ದಿತ್ತು. ಬಯಲಿನ ತುಂಬ ಹಸಿ ಇಟ್ಟಿಗೆಗಳ ಸಾಲು; ಮಳೆಗೆ ಕರಗದಂತೆ ಆಳುಗಳು ಓಡೋಡಿ ಅವುಗಳ ಮೇಲೆ ಚಾಪೆ ಹೊದಿಸುತ್ತಿದ್ದರು. ಕೊನೆಯ ಸಾಲಿನಲ್ಲಿ ದುಂಡವ್ವ ಇದ್ದಳು. ನಾನು ರಸ್ತೆಯಿಂದ ಕೈಯೆತ್ತಿದೆ. ಅವಳು ನೋಡಿದಳು. ಆದರೆ ಅವಳ ಚಾಪೆ ಗಾಳಿಗೆ ಮೇಲೇಳುತ್ತಿತ್ತು. ಅದರ ಎರಡು ತುದಿಗಳನ್ನೂ ಎರಡು ಕೈಗಳಿಂದ ಒತ್ತಿ ಹಿಡಿದು, ಇಟ್ಟಿಗೆಗಳ ಮೇಲೆ ಮೈಚಾಚಿ ಬಾಗಿದ್ದಳು. ಮೊದಲ ಹನಿಗಳು ಅವಳ ಬೆನ್ನಿನ ಮೇಲೆ ಬಿದ್ದವು.